ಅಪ್ಪಯ್ಯನಿಗೆ ಪ್ರಾಸ್ಟೇಟ್ ಅಂತೆ, ಊರವರು ಕಿಡ್ನಿ ಹೋಯ್ತು ಅಂತಿದ್ದಾರೆ. ಗೊತ್ತಿರುವವರು ಬಿಡಿಸಿ ಹೇಳಿ

ಸಾಗರದ ಮಗಳು
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಅಪ್ಪಯ್ಯನಿಗೆ 68 ವರ್ಷ. ಹೋದ ಮಳೆಗಾಲದಿಂದ ರಾತ್ರಿ ಮತ್ತೆ ಮತ್ತೆ ಎದ್ದು ಬಚ್ಚಲಿಗೆ ಹೋಗುತ್ತಾರೆ. ಹೋದರೂ ಬೇಗ ಬರುವುದಿಲ್ಲ, ಬಂದರೂ ಸಣ್ಣಗೆ. ಕೇಳಿದರೆ "ವಯಸ್ಸಾಯ್ತು, ಎಂತ ಮಾಡೋದು" ಅಂತ ಮಾತು ಮುಗಿಸುತ್ತಾರೆ. ಅಣ್ಣ ಹಟ ಮಾಡಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದ. ಸ್ಕ್ಯಾನ್ ಮಾಡಿದವರು ಕಿಡ್ನಿ ಎರಡೂ ಚೆನ್ನಾಗಿವೆ, ಪ್ರಾಸ್ಟೇಟ್ ದೊಡ್ಡದಾಗಿದೆ ಅಂದರಂತೆ. ಹಿಂದಿನಿಂದ ಬೆರಳು ಹಾಕಿ ನೋಡಬೇಕು ಅಂದಾಗ ಅಪ್ಪಯ್ಯ ಎದ್ದು ಬಂದುಬಿಟ್ಟರು.

ಈಗ ನೆಂಟರೆಲ್ಲ ಕಿಡ್ನಿ ಹೋಯ್ತು, ಇನ್ನು ಡಯಾಲಿಸಿಸ್ಸೇ ಗತಿ ಅಂತ ಅಮ್ಮನನ್ನು ಹೆದರಿಸುತ್ತಿದ್ದಾರೆ. ಈ ಪ್ರಾಸ್ಟೇಟ್ ಎಲ್ಲಿರುತ್ತದೆ? ಮೂತ್ರದ ತೊಂದರೆಗೆ ಹಿಂದಿನಿಂದ ಯಾಕೆ ಪರೀಕ್ಷೆ? ಮನೆಯಲ್ಲಿ ನಾನು ಇದನ್ನು ಕೇಳುವ ಹಾಗಿಲ್ಲ, ಅಣ್ಣನೂ ಬಾಯಿ ಬಿಡುವುದಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಗದ್ದೆ ಬದು
ಬಾಳೆದಿಂಡಿನ ರಸ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡಿ. ಹುರುಳಿ ಕಟ್ಟಿನ ಸಾರು ಮಾಡಿ. ನೀರು ಚೆನ್ನಾಗಿ ಕುಡಿಸಿ, ರಾತ್ರಿಯೂ ಕುಡಿಸಿ. ಎಲ್ಲ ತೊಳೆದುಕೊಂಡು ಹೋಗುತ್ತದೆ.

ಔಷಧಿ ಅಂಗಡಿ
ಗದ್ದೆ ಬದು ಅವರೇ, ಅವರಿಗೆ ಕಿಡ್ನಿಯಲ್ಲಿ ಕಲ್ಲಿಲ್ಲ ಮಾರಾಯ್ರೇ. ಸ್ಕ್ಯಾನ್ ಆಗಿದೆ ಅಂತ ಬರೆದಿದ್ದಾರಲ್ಲ. ನೀರು ಸರಾಗವಾಗಿ ಹೊರಗೆ ಹೋಗದ ಮನುಷ್ಯನಿಗೆ ರಾತ್ರಿ ಚೊಂಬುಗಟ್ಟಲೆ ಕುಡಿಸಿದರೆ ಏನಾಗಬೇಕು?

ಗದ್ದೆ ಬದು
ನಮ್ಮ ಮನೆಯಲ್ಲಿ ಎಲ್ಲರಿಗೂ ಅದರಿಂದಲೇ ವಾಸಿಯಾಗಿದೆ. ಇಂಗ್ಲಿಷ್ ಮಾತ್ರೆ ಮಾರುವವರು ಹೀಗೇ ಹೇಳುವುದು.

ನಿವೃತ್ತ ನರ್ಸಕ್ಕ
ಜಗಳ ಆಮೇಲೆ ಆಡಿ. ಮಗಳೇ, ನೀನು ಕೇಳಿದ್ದು ಒಳ್ಳೆಯದಾಯಿತು. ಮೇಲಿನಿಂದ ಕೆಳಗೆ ಹೇಳುತ್ತಾ ಹೋಗುತ್ತೇನೆ, ನಿಧಾನ ಓದು.

ಕಿಡ್ನಿ ಇರುವುದು ಹೊಟ್ಟೆಯ ಹಿಂಭಾಗದಲ್ಲಿ. ಬೆನ್ನುಮೂಳೆಯ ಎರಡೂ ಪಕ್ಕ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ. ಒಂದೊಂದೂ 10ರಿಂದ 12 ಸೆಂಟಿಮೀಟರ್ ಉದ್ದ. ಬಲಗಡೆ ಮೇಲೆ ಯಕೃತ್ತು ಇರುವುದರಿಂದ ಬಲ ಕಿಡ್ನಿ ಸ್ವಲ್ಪ ಕೆಳಗಿರುತ್ತದೆ. ಒಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳು. ಸೋಸುವ ಕೆಲಸ ಅವುಗಳದ್ದು. ಎರಡೂ ಕಿಡ್ನಿ ಸೇರಿ ದಿನಕ್ಕೆ 180 ಲೀಟರಿನಷ್ಟು ಸೋಸುತ್ತವೆ. ಮೂತ್ರವಾಗಿ ಹೊರಗೆ ಬರುವುದು ಒಂದೂವರೆ ಲೀಟರಿನ ಆಸುಪಾಸು ಮಾತ್ರ. ಉಳಿದದ್ದನ್ನೆಲ್ಲ ದೇಹ ವಾಪಸ್ ಎಳೆದುಕೊಳ್ಳುತ್ತದೆ.

ಅಲ್ಲಿಂದ ಕೆಳಗೆ ಎರಡು ಸಣ್ಣ ನಾಳಗಳು, ಯುರೇಟರ್ ಅಂತಾರೆ. 25ರಿಂದ 30 ಸೆಂಟಿಮೀಟರ್ ಉದ್ದ. ಮೂತ್ರ ಅದರಲ್ಲಿ ಸುಮ್ನೆ ಸುರಿಯುವುದಿಲ್ಲ. ನಾಳ ತಾನೇ ಹಿಂಡಿ ಹಿಂಡಿ ಕೆಳಗೆ ತಳ್ಳುತ್ತದೆ. ಅದಕ್ಕೇ ಮಲಗಿದ್ದರೂ ಮೂತ್ರಚೀಲ ತುಂಬುತ್ತದೆ. ಮೂತ್ರಚೀಲ ಕಿಬ್ಬೊಟ್ಟೆಯ ಮೂಳೆಯ ಹಿಂದೆ ಇದೆ. 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ಅರ್ಧ ತುಂಬುವ ಹೊತ್ತಿಗೇ ಹೋಗಬೇಕು ಅನ್ನಿಸಲು ಶುರುವಾಗುತ್ತದೆ.

ಈಗ ನಿನ್ನ ಪ್ರಶ್ನೆ. ಗಂಡಸರಲ್ಲಿ ಮೂತ್ರಚೀಲದ ಬಾಯಿಗೆ ಅಂಟಿಕೊಂಡ ಹಾಗೆ ಕೆಳಗೆ ಪ್ರಾಸ್ಟೇಟ್ ಗ್ರಂಥಿ ಇದೆ. ಹರೆಯದಲ್ಲಿ ಸಣ್ಣ ಹಸಿ ಅಡಿಕೆಯಷ್ಟು, ಸುಮಾರು 20 ಗ್ರಾಂ. ಹೊರಗೆ ಹೋಗುವ ಮೂತ್ರದ ದಾರಿ ಈ ಗ್ರಂಥಿಯ ನಡುವಿನಿಂದಲೇ ಹಾದುಹೋಗುತ್ತದೆ. ವಯಸ್ಸಾದ ಮೇಲೆ ಆ ದಾರಿಯ ಸುತ್ತಲಿನ ಭಾಗ ಬೆಳೆಯುತ್ತದೆ. ಒಳಗೆ ದಾರಿ ಇರುಕಾಗುತ್ತದೆ. ಧಾರೆ ಸಣ್ಣಗಾಗುವುದು, ಶುರುವಾಗಲು ತಡವಾಗುವುದು, ಮುಗಿದ ಮೇಲೂ ತೊಟ್ಟಿಕ್ಕುವುದು, ಎಲ್ಲ ಇದರಿಂದಲೇ. ಮೂತ್ರಚೀಲ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ತುಂಬುತ್ತದೆ. ಅಪ್ಪಯ್ಯ ರಾತ್ರಿ ಏಳುವುದು ಅದಕ್ಕೆ.

ಬೆರಳು ಯಾಕೆ ಅಂದರೆ, ಪ್ರಾಸ್ಟೇಟಿನ ಬೆನ್ನಿಗೇ ಮಲ ಹೋಗುವ ದಾರಿ ಇದೆ. ನಡುವೆ ತೆಳ್ಳನೆಯ ಗೋಡೆ ಅಷ್ಟೆ. ಗ್ರಂಥಿ ನುಣುಪಾಗಿದೆಯಾ, ಗಟ್ಟಿ ಗಂಟು ಸಿಗುತ್ತದಾ ಅಂತ ಬೆರಳಿಗೆ ಗೊತ್ತಾಗುತ್ತದೆ. ಒಂದು ನಿಮಿಷವೂ ಬೇಡ. ನಾನು ಎಷ್ಟೋ ಗಂಡಸರು ಅಪ್ಪಯ್ಯನ ಹಾಗೆ ಎದ್ದು ಹೋದದ್ದನ್ನು ನೋಡಿದ್ದೇನೆ. ಹೀಗೆ ಕಾರಣ ಹೇಳಿ ಕೂರಿಸಿದರೆ ಬಹಳ ಜನ ಒಪ್ಪಿಕೊಳ್ಳುತ್ತಾರೆ. ಯಾರೂ ಕಾರಣ ಹೇಳುವುದಿಲ್ಲ, ಅದೇ ನನಗೆ ಸಿಟ್ಟು.

ಸಾಗರದ ಮಗಳು
ಅಕ್ಕಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಅಣ್ಣನಿಗೆ ಕಳಿಸಿದ್ದೇನೆ. ಅಂದ್ರೆ ಕಿಡ್ನಿಗೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಅಮ್ಮನಿಗೆ ಹೇಳಬಹುದಾ?

ನಿವೃತ್ತ ನರ್ಸಕ್ಕ
ಈಗ ಇಲ್ಲ ಅಂತ ಹೇಳು. ಮುಂದೆಯೂ ಇಲ್ಲ ಅಂತ ಹೇಳಬೇಡ. ಅಡ್ಡಿ ಹಾಗೇ ಬಿಟ್ಟರೆ ಮೂತ್ರ ನಿಂತು ನಿಂತು, ಒತ್ತಡ ಮೇಲಕ್ಕೆ ಹೋಗಿ ಕಿಡ್ನಿ ಊದಿಕೊಳ್ಳುತ್ತದೆ. ನಿಧಾನವಾಗಿ ಕೆಡುತ್ತದೆ. ನೋವೂ ಇರಬೇಕಂತಿಲ್ಲ. ಅದಕ್ಕೇ ಸ್ಕ್ಯಾನ್‌ನಲ್ಲಿ ಕಿಡ್ನಿ ನೋಡಿದ್ದು, ಕಿಡ್ನಿ ಸರಿಯಾಗಿ ಸೋಸುತ್ತಿದೆಯಾ ಅಂತ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ನೋಡುವುದು.

ಲ್ಯಾಬ್ ಕೆಲಸ
ಅದರ ಜೊತೆ ಸಕ್ಕರೆಯನ್ನೂ ನೋಡಿಸಿ. ರಾತ್ರಿ ಏಳುವುದೆಲ್ಲ ಪ್ರಾಸ್ಟೇಟ್ ಅಲ್ಲ. ಸಕ್ಕರೆ ಜಾಸ್ತಿಯಿದ್ದರೆ ಮೂತ್ರವೇ ಜಾಸ್ತಿ ಆಗುತ್ತದೆ. ಸಂಜೆ ಹೊತ್ತಿಗೆ ಕಾಲು ಊದುವವರಿಗೆ, ಮಲಗಿದ ಮೇಲೆ ಆ ನೀರು ರಕ್ತಕ್ಕೆ ಮರಳಿ ರಾತ್ರಿಯೆಲ್ಲ ಏಳಿಸುತ್ತದೆ. ಕೇಳಬೇಕಾದ ಪ್ರಶ್ನೆ ಇಷ್ಟೆ: ಪ್ರತಿ ಸಲ ಸ್ವಲ್ಪಸ್ವಲ್ಪ ಹೋಗುತ್ತದಾ, ಅಥವಾ ಪ್ರತಿ ಸಲವೂ ತುಂಬಾ ಹೋಗುತ್ತದಾ?

ಮಂಡಗದ್ದೆ ದಾರಿ
ಪಿ.ಎಸ್.ಎ. ಪರೀಕ್ಷೆ ಮಾಡಿಸಿದರೆ ಸಾಕಲ್ವಾ? ರಕ್ತ ಕೊಟ್ಟರೆ ಮುಗಿಯಿತು. ಬೆರಳು ಗಿರಳು ಯಾಕೆ?

ಲ್ಯಾಬ್ ಕೆಲಸ
ಸಾಕಾಗುವುದಿಲ್ಲ. ಪಿ.ಎಸ್.ಎ. ಪ್ರಾಸ್ಟೇಟಿನಿಂದ ಬರುವ ಒಂದು ಪ್ರೋಟೀನು. ಕ್ಯಾನ್ಸರ್ ಇದ್ದರೂ ಏರುತ್ತದೆ, ಸೋಂಕಾದರೂ ಏರುತ್ತದೆ, ಮೂತ್ರ ಕಟ್ಟಿ ನಳಿಗೆ ಹಾಕಿದರೂ ಏರುತ್ತದೆ. ಕೆಲವರಿಗೆ ಕ್ಯಾನ್ಸರ್ ಇದ್ದೂ ಜಾಸ್ತಿ ಏರಿರುವುದಿಲ್ಲ. ಇನ್ನೊಂದು ವಿಷಯ. ವಯಸ್ಸಿಗೆ ಬೆಳೆಯುವುದು ಮೂತ್ರದ ದಾರಿಯ ಪಕ್ಕದ ಒಳಭಾಗ. ಕ್ಯಾನ್ಸರ್ ಹೆಚ್ಚಾಗಿ ಶುರುವಾಗುವುದು ಹೊರಭಾಗದಲ್ಲಿ, ಹಿಂದುಗಡೆ. ಆದ್ದರಿಂದ ಮೊದಮೊದಲು ಮೂತ್ರಕ್ಕೆ ಏನೂ ತೊಂದರೆ ಮಾಡುವುದಿಲ್ಲ. ಆ ಹಿಂಭಾಗವೇ ಬೆರಳಿಗೆ ಸಿಗುವುದು.

ಮಂಡಗದ್ದೆ ದಾರಿ
ಸರಿ, ಇದು ಹೊಸ ವಿಷಯ ನನಗೆ.

ಔಷಧಿ ಅಂಗಡಿ
ಸಾಗರದ ಮಗಳು ಅವರೇ, ಒಂದು ವಿಷಯ ದಯವಿಟ್ಟು ನೆನಪಿಡಿ. ಮಳೆಗಾಲದಲ್ಲಿ ನಮ್ಮ ಕಡೆ ನೆಗಡಿ ಬಿಡುವುದೇ ಇಲ್ಲ. ಅಂಗಡಿಗೆ ಬಂದು "ಮೂಗು ಕಟ್ಟಿದೆ, ಒಂದು ಮಾತ್ರೆ ಕೊಡಿ" ಅಂತಾರೆ. ಆ ಮಾತ್ರೆಗಳಲ್ಲಿ ಬಹಳಷ್ಟರಲ್ಲಿ ಫಿನೈಲೆಫ್ರಿನ್ ಇರುತ್ತದೆ, ಕ್ಲೋರ್‌ಫೆನಿರಮಿನ್ ಇರುತ್ತದೆ. ಮೊದಲನೆಯದು ಮೂಗಿನ ರಕ್ತನಾಳ ಬಿಗಿ ಮಾಡಿದ ಹಾಗೆಯೇ ಮೂತ್ರಚೀಲದ ಬಾಯಿಯನ್ನೂ ಪ್ರಾಸ್ಟೇಟನ್ನೂ ಬಿಗಿ ಮಾಡುತ್ತದೆ. ಎರಡನೆಯದು ಮೂತ್ರಚೀಲ ಹಿಂಡುವ ಶಕ್ತಿ ಕಡಿಮೆ ಮಾಡುತ್ತದೆ. ಪ್ರಾಸ್ಟೇಟ್ ದೊಡ್ಡದಾದವರು ಇದನ್ನು ತೆಗೆದುಕೊಂಡು ರಾತ್ರಿ ಪೂರ್ತಿ ಮೂತ್ರ ಕಟ್ಟಿ, ಹೊಟ್ಟೆ ಕಲ್ಲಾಗಿ, ಬೆಳಗಿನ ಜಾವ ಆಸ್ಪತ್ರೆಗೆ ಓಡುತ್ತಾರೆ. ಹೀಗಾದರೆ ಕಷಾಯ, ಬಿಸಿನೀರಿನ ಶಾಖ ಅಂತ ಕಾಯಬಾರದು. ನಳಿಗೆ ಹಾಕಿ ಖಾಲಿ ಮಾಡಿಸಲೇಬೇಕು. ನಮ್ಮ ಅಂಗಡಿಯಲ್ಲಿ ವಯಸ್ಸಾದ ಗಂಡಸರು ನೆಗಡಿ ಮಾತ್ರೆ ಕೇಳಿದರೆ "ಒಂದಕ್ಕೆ ಸರಾಗ ಹೋಗುತ್ತದಾ ಅಜ್ಜಾ?" ಅಂತ ಕೇಳಿಯೇ ಕೊಡುವುದು.

ಇನ್ನು ನೀರಿನ ಮಾತು. ಹಗಲು ಬೇಕಾದಷ್ಟು ಕುಡಿಯಲಿ. ಮಲಗುವ ಎರಡು ಮೂರು ತಾಸು ಮೊದಲು ನಿಲ್ಲಿಸಲಿ. ಸಂಜೆಯ ಕಾಫಿ ಬಿಡಲಿ.

ತುಂಗೆ ದಡ
ನೆಗಡಿ ಮಾತ್ರೆಯ ವಿಷಯ ನೂರಕ್ಕೆ ನೂರು ನಿಜ. ನಮ್ಮ ದೊಡ್ಡಪ್ಪನಿಗೆ ಆಗಿದ್ದೇ ಅದು.

ಸೊರಬ ಎಕ್ಸ್‌ಪ್ರೆಸ್
ಸಂಜೆ ಕಾಫಿ ಬಿಡು ಅಂದರೆ ಮಲೆನಾಡಿನ ಯಾವ ಹಿರಿಯರೂ ಒಪ್ಪುವುದಿಲ್ಲ, ಬೇರೆ ದಾರಿ ಹೇಳಿ.

ಔಷಧಿ ಅಂಗಡಿ
ನಾಲ್ಕು ಗಂಟೆಗೆ ಕುಡಿದು ಮುಗಿಸಲಿ. ಏಳು ಗಂಟೆಯದ್ದು ಬೇಡ.

ಲಾರಿ ಅಣ್ಣ
ಗದ್ದೆ ಬದು ಅವರ ಪರವಾಗಿ ಒಂದು ಮಾತು. ನನಗೆ ಕಲ್ಲಾಗಿತ್ತು. ನೀರು ಕುಡಿದೇ ಹೋಯಿತು, ಬಾಳೆದಿಂಡೂ ಕುಡಿದಿದ್ದೆ. ಆದರೆ ನನ್ನ ಪ್ರಶ್ನೆ ಬೇರೆ. ನೋವು ಶುರುವಾಗಿದ್ದು ಸೊಂಟದ ಹಿಂದೆ. ಆಮೇಲೆ ಅದು ಬೀಜಕ್ಕೆ ಇಳಿಯಿತು. ಜೀವ ಹೋಗುವಂಥ ನೋವು. ಬೀಜಕ್ಕೇ ಏನೋ ಆಗಿದೆ ಅಂತ ಹೆದರಿದ್ದೆ. ಸ್ಕ್ಯಾನ್‌ನಲ್ಲಿ ಬೀಜ ಸರಿಯಿತ್ತು, ಕಲ್ಲು ಮೇಲಿತ್ತು. ಇದು ಹ್ಯಾಗೆ?

ಹೊಸನಗರದ ಮೇಷ್ಟ್ರು
ಲಾರಿ ಅಣ್ಣ, ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ನೀವು ಹುಟ್ಟುವ ಮೊದಲೇ ಶುರುವಾಗುತ್ತದೆ.

ತಾಯಿಯ ಹೊಟ್ಟೆಯಲ್ಲಿ ಗಂಡು ಮಗುವಿನ ವೃಷಣ ಮೂಡುವುದು ಚೀಲದಲ್ಲಿ ಅಲ್ಲ. ಮೇಲೆ, ಕಿಡ್ನಿಯ ಪಕ್ಕದಲ್ಲಿ. ಆಮೇಲೆ ತಿಂಗಳುಗಟ್ಟಲೆ ಕೆಳಗಿಳಿದು, ತೊಡೆಸಂದಿನ ಕಾಲುವೆ ದಾಟಿ ಚೀಲ ಸೇರುತ್ತದೆ. ಇಳಿಯುವಾಗ ತನ್ನ ರಕ್ತನಾಳ, ನರಗಳನ್ನು ಎಳೆದುಕೊಂಡೇ ಬರುತ್ತದೆ. ಆದ್ದರಿಂದ ಇವತ್ತಿಗೂ ವೃಷಣದ ರಕ್ತನಾಳ ಹೊರಡುವುದು ಕಿಡ್ನಿಯ ಹತ್ತಿರದಿಂದ. ವೃಷಣದ ನೋವು, ಯುರೇಟರಿನ ನೋವು, ಎರಡೂ ಬೆನ್ನುಹುರಿಯ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಹೋಗುತ್ತವೆ. ಮೇಲೆ ಕಲ್ಲು ಸಿಕ್ಕಿಕೊಂಡಾಗ ಮೆದುಳಿಗೆ ಅದು ಕೆಳಗಿನ ನೋವಾಗಿ ತಿಳಿಯುತ್ತದೆ.

ಎಡ ವೃಷಣದ ಅಶುದ್ಧ ರಕ್ತನಾಳ ಎಡ ಕಿಡ್ನಿಯ ರಕ್ತನಾಳಕ್ಕೆ ನೆಟ್ಟಗೆ ಸೇರುತ್ತದೆ. ಬಲದ್ದು ದೇಹದ ದೊಡ್ಡ ರಕ್ತನಾಳಕ್ಕೇ ಹೋಗುತ್ತದೆ. ಚೀಲದಲ್ಲಿ ರಕ್ತನಾಳ ಉಬ್ಬುವ ವೆರಿಕೋಸೀಲ್ ಹೆಚ್ಚಾಗಿ ಎಡಗಡೆಗೇ ಬರುವುದಕ್ಕೆ ಇದೊಂದು ಮುಖ್ಯ ಕಾರಣ.

ಔಷಧಿ ಅಂಗಡಿ
ಕಲ್ಲು ಎಲ್ಲೆಂದರಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಯುರೇಟರಿನಲ್ಲಿ ಮೂರು ಕಡೆ ಇರುಕು ಇದೆ. ಕಿಡ್ನಿಯಿಂದ ಹೊರಡುವಲ್ಲಿ, ಸೊಂಟದ ಅಂಚಿನಲ್ಲಿ ದೊಡ್ಡ ರಕ್ತನಾಳ ದಾಟುವಲ್ಲಿ, ಮೂತ್ರಚೀಲದ ಗೋಡೆ ಹೊಗುವಲ್ಲಿ. ಮೂರನೆಯದೇ ಎಲ್ಲಕ್ಕಿಂತ ಇರುಕು. 5 ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳಲ್ಲಿ ಬಹುಪಾಲು ತಾನಾಗಿ ಹೋಗುತ್ತವೆ. ಲಾರಿ ಅಣ್ಣನ ಕಲ್ಲು ಹಾಗೇ ಹೋಗಿರುತ್ತದೆ. ಹೆಸರು ಮಾತ್ರ ಬಾಳೆದಿಂಡಿಗೆ ಬಂತು.

ಗದ್ದೆ ಬದು
ಬಾಳೆದಿಂಡಿನಲ್ಲಿ ನೀರಿಲ್ವಾ? ನೀರು ಒಳ್ಳೆಯದು ಅಂತ ನೀವೇ ಹೇಳುತ್ತೀರಿ. ಅಜ್ಜಿ ಕಾಲದಿಂದ ಬಂದದ್ದನ್ನು ಒಂದೇ ಮಾತಿನಲ್ಲಿ ತೆಗೆದುಹಾಕಬೇಡಿ.

ಔಷಧಿ ಅಂಗಡಿ
ಪಲ್ಯ ಮಾಡಿ ತಿನ್ನಿ, ರಸ ಕುಡಿಯಿರಿ, ನನ್ನದೇನೂ ತಕರಾರಿಲ್ಲ. ಜ್ವರ ಬಂದರೆ, ಮೂತ್ರ ನಿಂತರೆ, ನೋವು ತಡೆಯಲಾಗದಿದ್ದರೆ ಅದನ್ನೇ ಕುಡಿಯುತ್ತಾ ಮನೆಯಲ್ಲಿ ಕೂರಬೇಡಿ ಅನ್ನುವುದು ನನ್ನ ಮಾತು. ಮೇಲೆ ಸೋಂಕು, ಕೆಳಗೆ ಅಡ್ಡಿ ಎರಡೂ ಸೇರಿದರೆ ಒಂದು ದಿನದಲ್ಲಿ ಕಿಡ್ನಿಯೂ ಜೀವವೂ ಅಪಾಯಕ್ಕೆ ಬರುತ್ತವೆ. ಕಲ್ಲಾಯಿತು ಅಂತ ಹಾಲು ಮೊಸರು ಬಿಡುವವರೂ ಇದ್ದಾರೆ. ಅದೂ ಬೇಡ. ಊಟದ ಜೊತೆಗಿನ ಕ್ಯಾಲ್ಸಿಯಂ, ಕಲ್ಲು ಕಟ್ಟುವ ಆಕ್ಸಲೇಟ್ ಅನ್ನುವ ಅಂಶವನ್ನು ಕರುಳಿನಲ್ಲೇ ಹಿಡಿದುಹಾಕುತ್ತದೆ, ಮೂತ್ರಕ್ಕೆ ಬರಲು ಬಿಡುವುದಿಲ್ಲ. ಕಡಿಮೆ ಮಾಡಬೇಕಾದದ್ದು ಉಪ್ಪು.

ಅಡಿಕೆ ಸುಲಿಯೋಳು
ಹೆಂಗಸರಿಗೂ ಉರಿಮೂತ್ರ ಬರುತ್ತದಲ್ಲ, ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಸುಲಿಯುವ ಚಪ್ಪರದಲ್ಲಿ ಬೆಳಿಗ್ಗೆ ಕೂತರೆ ಮಧ್ಯಾಹ್ನದವರೆಗೆ ಏಳುವುದಿಲ್ಲ. ಹೋಗಲು ಜಾಗ ಇಲ್ಲ ಅಂತ ನೀರೇ ಕುಡಿಯುವುದಿಲ್ಲ.

ನಿವೃತ್ತ ನರ್ಸಕ್ಕ
ನೀನು ಹೇಳಿದ್ದು ಸರಿಯಮ್ಮ. ಮೂತ್ರಚೀಲದಿಂದ ಹೊರಗಿನ ದಾರಿ ಗಂಡಸರಲ್ಲಿ 18ರಿಂದ 20 ಸೆಂಟಿಮೀಟರ್. ನಮಗೆ 4 ಸೆಂಟಿಮೀಟರ್ ಅಷ್ಟೆ. ರೋಗಾಣುಗಳಿಗೆ ಒಳಗೆ ಹೋಗುವ ದಾರಿ ಅಷ್ಟು ಹತ್ತಿರ. ನೀರು ಬಿಟ್ಟು, ತಡೆದು ಕೂತರೆ ಇನ್ನೂ ಕಷ್ಟ. ಕೆಲಸ ಕೊಡುವ ಮನೆಯವರು ಒಂದು ಬಚ್ಚಲು ಕೊಡಬೇಕು. ಇದನ್ನು ಕೇಳಿ ಪಡೆಯಿರಿ, ಸಂಕೋಚ ಬೇಡ.

ಅಡಿಕೆ ಸುಲಿಯೋಳು
ಈ ವರ್ಷ ಎಲ್ಲರೂ ಸೇರಿ ಕೇಳುತ್ತೇವೆ ಅಕ್ಕಾ.

ಗದ್ದೆ ಬದು
ಗದ್ದೆ ಕೆಲಸದವರು ಇಲಿ ಜ್ವರದ ಬಗ್ಗೆಯೂ ಗಮನ ಇಡಿ. ಅದೂ ಕಿಡ್ನಿಗೇ ಹೊಡೆಯುತ್ತದೆ. ಇಲಿಯ ಮೂತ್ರ ಬಿದ್ದ ನೀರಿಗೆ ಗಾಯದ ಕಾಲು ಇಟ್ಟರೆ ಸಾಕು. ನಮ್ಮ ಕೇರಿಯಲ್ಲಿ ಒಬ್ಬರಿಗೆ ಜ್ವರ, ಕಣ್ಣು ಕೆಂಪು, ಮೀನಖಂಡ ಹಿಡಿದು ಎಳೆಯುವ ನೋವು, ಆಮೇಲೆ ಮೂತ್ರವೇ ಕಡಿಮೆಯಾಯಿತು. ಬೇಗ ಮಾತ್ರೆ ಶುರುಮಾಡಿದ್ದಕ್ಕೆ ಉಳಿದರು. ಇದಕ್ಕೆ ನಾನೂ ಕಷಾಯ ಹೇಳುವುದಿಲ್ಲ.

ಹೊಸನಗರದ ಮೇಷ್ಟ್ರು
ನಾನು ಒಂದು ವಿಷಯ ಹೇಳಲೇಬೇಕು. ಗಂಡುಮಕ್ಕಳಿರುವವರು ಓದಿ.

ಹಲವು ವರ್ಷದ ಹಿಂದೆ ಹಾಸ್ಟೆಲಿನ ಒಬ್ಬ ಹುಡುಗನಿಗೆ ರಾತ್ರಿ ಇದ್ದಕ್ಕಿದ್ದಂತೆ ಬೀಜದಲ್ಲಿ ನೋವು ಬಂತು. ಹೇಳಲು ನಾಚಿಕೆ. ಹೊಟ್ಟೆನೋವು ಅಂದ. ಎರಡು ಸಲ ವಾಂತಿಯಾಯಿತು. ಹೊಟ್ಟೆನೋವಿನ ಮಾತ್ರೆ ಕೊಟ್ಟು ಮಲಗಿಸಿದರು. ಮಧ್ಯಾಹ್ನ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಒಂದು ವೃಷಣ ಸತ್ತುಹೋಗಿತ್ತು, ತೆಗೆಯಬೇಕಾಯಿತು. ವೃಷಣ ತನ್ನ ರಕ್ತನಾಳದ ಮೇಲೆ ತಾನೇ ತಿರುಚಿಕೊಂಡರೆ ರಕ್ತ ನಿಲ್ಲುತ್ತದೆ. ಸುಮಾರು 6 ಗಂಟೆಯೊಳಗೆ ಬಿಡಿಸಿದರೆ ಉಳಿಯುವ ಸಂಭವ ಚೆನ್ನಾಗಿರುತ್ತದೆ. ಆಮೇಲೆ ಗಂಟೆ ಗಂಟೆಗೂ ಕಡಿಮೆಯಾಗುತ್ತದೆ. 12ರಿಂದ 18 ವರ್ಷದ ಹುಡುಗರಲ್ಲೇ ಇದು ಜಾಸ್ತಿ. ನಮ್ಮ ಘಟ್ಟದ ಊರುಗಳಿಂದ ಶಿವಮೊಗ್ಗ ಸೇರಲು ದಾರಿಯಲ್ಲೇ ಎರಡು ತಾಸು ಹೋಗುತ್ತದೆ. ಹಾಗಿರುವಾಗ "ಬೆಳಿಗ್ಗೆ ನೋಡೋಣ" ಅನ್ನುವಂತಿಲ್ಲ.

ಹತ್ತನೇ ತರಗತಿಯಲ್ಲಿ ಈ ಪಾಠ ಬಂದಾಗ "ಮನೆಯಲ್ಲಿ ಓದಿಕೊಳ್ಳಿ" ಅನ್ನುವ ಮೇಷ್ಟ್ರುಗಳು ಇನ್ನೂ ಇದ್ದಾರೆ. ನಾನು ಚಿತ್ರ ಬರೆದು ಪಾಠ ಮಾಡುತ್ತೇನೆ. ಒಬ್ಬ ಪೋಷಕರು ಬಂದು ಜಗಳ ಆಡಿದರು. ಆಡಲಿ.

ಸೊರಬ ಎಕ್ಸ್‌ಪ್ರೆಸ್
ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ ಇದನ್ನು ಹೇಳುವುದು ಸರಿಯಾ ಮೇಷ್ಟ್ರೇ? ಬೇರೆ ಬೇರೆ ಕೂರಿಸಿದರೆ ಮಕ್ಕಳೂ ಬಾಯಿ ಬಿಟ್ಟು ಪ್ರಶ್ನೆ ಕೇಳುತ್ತಾರೆ.

ಹೊಸನಗರದ ಮೇಷ್ಟ್ರು
ಪಾಠ ಒಟ್ಟಿಗೆ, ಪ್ರಶ್ನೆ ಚೀಟಿಯಲ್ಲಿ. ಹೆಸರು ಬರೆಯಬೇಕಿಲ್ಲ. ಚೀಟಿಯಲ್ಲಿ ಹುಡುಗರು ಕೇಳುವುದರಲ್ಲಿ ಹೆಚ್ಚಿನದು ಧಾತು ಹೋಗುವ ಭಯ. ಒಂದು ಹನಿ ವೀರ್ಯ ಇಷ್ಟು ಹನಿ ರಕ್ತಕ್ಕೆ ಸಮ ಅಂತ ಯಾರೋ ತಲೆಗೆ ತುಂಬಿರುತ್ತಾರೆ. ಗೋಡೆಯ ಮೇಲೆ ಜಾಹೀರಾತು ಬರೆದು ದುಡ್ಡು ಮಾಡುವವರಿಗೆ ಈ ಭಯವೇ ಬಂಡವಾಳ. ವೀರ್ಯದಲ್ಲಿ ರಕ್ತ ಇಲ್ಲ. ಮುಕ್ಕಾಲು ಪಾಲಿನ ಹತ್ತಿರ ಸೆಮಿನಲ್ ವೆಸಿಕಲ್ ಅನ್ನುವ ಗ್ರಂಥಿಗಳ ರಸ, ಉಳಿದದ್ದರಲ್ಲಿ ಹೆಚ್ಚಿನದು ಪ್ರಾಸ್ಟೇಟಿನ ರಸ. ವೀರ್ಯಾಣುಗಳ ಪಾಲು ನೂರಕ್ಕೆ 5ಕ್ಕಿಂತ ಜಾಸ್ತಿ ಇರುವುದಿಲ್ಲ. ಹರೆಯದಲ್ಲಿ ನಿದ್ದೆಯಲ್ಲಿ ಹೋಗುವುದು ರೋಗವಲ್ಲ.

ಮಂಡಗದ್ದೆ ದಾರಿ
ಮೂತ್ರ, ವೀರ್ಯ ಎರಡೂ ಒಂದೇ ದಾರಿಯಲ್ಲಿ ಬಂದರೂ ಬೆರೆಯುವುದಿಲ್ಲ ಯಾಕೆ?

ಲ್ಯಾಬ್ ಕೆಲಸ
ವೀರ್ಯ ಬಂದು ಸೇರುವುದು ಪ್ರಾಸ್ಟೇಟಿನ ಒಳಗೆ. ಆ ಹೊತ್ತಿಗೆ ಅದರ ಮೇಲಿರುವ ಮೂತ್ರಚೀಲದ ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಪ್ರಾಸ್ಟೇಟಿಗೆ ಕೊಡುವ ಟಾಮ್ಸುಲೋಸಿನ್ ಮಾತ್ರೆ ಆ ಬಾಯಿಯನ್ನೇ ಸಡಿಲ ಮಾಡುತ್ತದೆ. ಆದ್ದರಿಂದ ಮಾತ್ರೆ ತಿನ್ನುವ ಕೆಲವರಿಗೆ ವೀರ್ಯ ಕಡಿಮೆ ಬಂದಂತೆ ಅನ್ನಿಸಬಹುದು. ಅಪಾಯ ಇಲ್ಲ. ಮೊದಲ ದಿನಗಳಲ್ಲಿ ಥಟ್ಟನೆ ಎದ್ದರೆ ತಲೆಸುತ್ತು ಬರುತ್ತದೆ, ಅದನ್ನು ನೋಡಿಕೊಳ್ಳಿ.

ಕಿರಿ ಕೊನೆಗಾರ
ಎಲ್ಲ ಓದುತ್ತಾ ಬಂದೆ. ನನ್ನದೂ ಒಂದು. ನಾನು ಅಡಿಕೆ ಕೊನೆ ತೆಗೆಯುವ ಕೆಲಸದವನು. ಎರಡು ಮಕ್ಕಳು. ಹೆಂಡತಿಗೆ ಎರಡೂ ಸಿಸೇರಿಯನ್ ಆಗಿದೆ. ಇನ್ನು ಮಕ್ಕಳಾಗದ ಹಾಗೆ ಮಾಡಿಸಲು ಅವಳಿಗೆ ಇನ್ನೊಂದು ಆಪರೇಷನ್ ಬೇಡ, ಆ ಆಪರೇಷನ್ ನಾನೇ ಮಾಡಿಸಿಕೊಳ್ಳುತ್ತೇನೆ ಅಂದೆ. ಮನೆಯವರೆಲ್ಲ ಮರ ಹತ್ತುವ ಶಕ್ತಿ ಹೋಗುತ್ತದೆ, ಗಂಡಸ್ತನ ಹೋಗುತ್ತದೆ ಅಂತಾರೆ. ಮರ ಹತ್ತದಿದ್ದರೆ ನಮ್ಮ ಊಟಕ್ಕೇ ಕಷ್ಟ. ನಿಜ ಏನು?

ತುಂಗೆ ದಡ
ಬೇಡ ತಮ್ಮಾ, ನಮ್ಮ ಕಡೆ ಮಾಡಿಸಿಕೊಂಡವರೊಬ್ಬರು ಆಮೇಲೆ ಸೊಂಟನೋವು ಅಂತಲೇ ಇದ್ದಾರೆ.

ನಿವೃತ್ತ ನರ್ಸಕ್ಕ
ತುಂಗೆ ದಡ ಅವರೇ, ಸೊಂಟನೋವು ಆಪರೇಷನ್ ಆಗದವರಿಗೂ ಬರುತ್ತದೆ. ಹೀಗೆ ಹೇಳಿ ಹೇಳಿಯೇ ಎಲ್ಲ ಹೊರೆ ಹೆಂಗಸರ ಹೊಟ್ಟೆಯ ಮೇಲೆ ಬಿದ್ದಿದೆ.

ತಮ್ಮಾ, ನಿನ್ನ ಮನಸ್ಸು ದೊಡ್ಡದು. ಕೇಳು. ವೃಷಣ ಎರಡು ಕೆಲಸ ಮಾಡುತ್ತದೆ. ವೀರ್ಯಾಣು ಮಾಡುತ್ತದೆ, ಅದು ನಾಳದಲ್ಲಿ ಹೋಗುತ್ತದೆ. ಟೆಸ್ಟೋಸ್ಟೆರಾನ್ ಮಾಡುತ್ತದೆ, ಅದು ನೇರ ರಕ್ತಕ್ಕೆ ಹೋಗುತ್ತದೆ. ಗಡ್ಡ, ಮೀಸೆ, ಮೈಕಟ್ಟು, ಆಸೆ ಎಲ್ಲ ಈ ಎರಡನೆಯದರ ಮೇಲೆ ನಿಂತಿದೆ. ಆಪರೇಷನ್‌ನಲ್ಲಿ ಕತ್ತರಿಸುವುದು ವೀರ್ಯನಾಳ ಮಾತ್ರ. ರಕ್ತನಾಳ ಮುಟ್ಟುವುದಿಲ್ಲ, ವೃಷಣ ತೆಗೆಯುವುದಿಲ್ಲ. ವೀರ್ಯ ಬರುವುದೂ ಹಾಗೇ ಇರುತ್ತದೆ, ಮೇಷ್ಟ್ರು ಹೇಳಿದಂತೆ ಅದರಲ್ಲಿ ಹೆಚ್ಚಿನದು ಬೇರೆ ಗ್ರಂಥಿಗಳದ್ದು. ಹೊರಗೆ ಬಾರದ ವೀರ್ಯಾಣು ದೇಹದಲ್ಲೇ ಕರಗುತ್ತದೆ.

ಹೊಲಿಗೆ ಇಲ್ಲದ ವಿಧಾನ 1974ರಲ್ಲಿ ಚೀನಾದಲ್ಲಿ ಶುರುವಾದದ್ದು. ಈಗ ನಮ್ಮಲ್ಲೂ ಅದೇ ನಡೆಯುತ್ತದೆ. ಚೀಲದ ಚರ್ಮಕ್ಕೆ ಮರಗಟ್ಟುವ ಸೂಜಿ ಕೊಟ್ಟು ಒಂದು ಸಣ್ಣ ತೂತು. ಅವತ್ತೇ ಮನೆಗೆ ಬರಬಹುದು. ಭಾರ ಎತ್ತುವ, ಮರ ಹತ್ತುವ ಕೆಲಸಕ್ಕೆ ಒಂದು ವಾರ ಬಿಡುವು ಕೊಡು. ನಿನ್ನದು ಮರವನ್ನು ತಬ್ಬಿ ಹತ್ತುವ ಕೆಲಸ, ಆದ್ದರಿಂದ ಡಾಕ್ಟರಿಗೆ ಅದನ್ನು ಬಿಡಿಸಿ ಹೇಳಿ ಕೇಳು. ಕೊನೆ ಕೊಯ್ಲು ಇಲ್ಲದ ತಿಂಗಳು ನೋಡಿಕೊಂಡರೆ ಸಂಬಳವೂ ಹೋಗುವುದಿಲ್ಲ. ಕೆಲವರಿಗೆ ಊತ, ನೋವು ಕೆಲವು ದಿನ ಇರುತ್ತದೆ. ಬಹಳ ಕಡಿಮೆ ಜನರಿಗೆ ನೋವು ಉಳಿಯುವುದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಮುಂದೆ ಮಕ್ಕಳು ಬೇಕು ಅನ್ನಿಸಿದರೆ ನಾಳ ಮತ್ತೆ ಜೋಡಿಸುವುದು ಕಷ್ಟ. ಅದನ್ನು ಇಬ್ಬರೂ ಕೂತು ಯೋಚಿಸಿ.

ಕಿರಿ ಕೊನೆಗಾರ
ಅಕ್ಕಾ ಬಹಳ ಉಪಕಾರ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಕೇಳುತ್ತೇನೆ. ಆದ ಮೇಲೆ ಅವತ್ತಿನಿಂದಲೇ ಬೇರೆ ಏನೂ ಬಳಸುವುದು ಬೇಡ ಅಲ್ವಾ?

ಲ್ಯಾಬ್ ಕೆಲಸ
ಬೇಕು! ಇದನ್ನು ಎಷ್ಟೋ ಜನ ತಿಳಿಯದೆ ಬಿಡುತ್ತಾರೆ. ಕತ್ತರಿಸಿದ ಜಾಗದ ಮುಂದಿನ ನಾಳದಲ್ಲಿ ಹಳೆಯ ವೀರ್ಯಾಣುಗಳು ಉಳಿದಿರುತ್ತವೆ. 3 ತಿಂಗಳು ಕಾಂಡೋಮ್ ಬಳಸಿ. ಆಮೇಲೆ ವೀರ್ಯ ಪರೀಕ್ಷೆಗೆ ಕೊಡಿ. ವೀರ್ಯಾಣು ಇಲ್ಲ ಅಂತ ವರದಿ ಕೈಗೆ ಬಂದ ಮೇಲೆ ನಿಲ್ಲಿಸಿ, ಅದಕ್ಕಿಂತ ಮೊದಲು ಬೇಡ.